ಉಸಿರು ಸಿಕ್ಕಿಕೊಂಡ ಜಾಗ

ಆಗಸ್ಟ್ 7, ಗುರುವಾರ

ಇವತ್ತೂ ತಪ್ಪಿತು. ಸ್ಕಿಲ್ಸ್ ಲ್ಯಾಬಿನಲ್ಲಿ ಒಬ್ಬರ ಉಸಿರು ಇನ್ನೊಬ್ಬರು ಎಣಿಸಬೇಕು. ಎಣಿಸುತ್ತಿದ್ದೇವೆಂದು ಅವರಿಗೆ ಗೊತ್ತಾಗಬಾರದು. ಗೊತ್ತಾದ ಕೂಡಲೇ ಉಸಿರು ವೇಷ ಹಾಕಿಕೊಳ್ಳುತ್ತದೆ. ಅದಕ್ಕೇ ನರ್ಸುಗಳ ಹಳೇ ಉಪಾಯ — ಮಣಿಕಟ್ಟು ಹಿಡಿದು ನಾಡಿ ನೋಡುವ ಹಾಗೆ ನಟಿಸುತ್ತ, ಓರೆಗಣ್ಣಿನಲ್ಲಿ ಎದೆ ಏರಿಳಿಯುವುದನ್ನು ಎಣಿಸುವುದು. ನಾನು ಅಕ್ಕನದನ್ನು ಎಣಿಸುತ್ತ ಎಣಿಸುತ್ತ ನನ್ನ ಉಸಿರನ್ನೇ ಹಿಡಿದುಬಿಟ್ಟೆ. ತಲೆ ಸುತ್ತಿತು. ಪೇಷೆಂಟ್ ಆಗಿ ಮಲಗಿದ್ದ ಅಕ್ಕ ಎದ್ದು, ನನ್ನನ್ನೇ ಮಂಚದ ಮೇಲೆ ಮಲಗಿಸಿದಳು.

"ಮೇಡಂ, ಪೇಷೆಂಟ್ ಹುಷಾರಾಗಿದ್ದಾಳೆ. ನರ್ಸ್ ಹೋದ್ಲು!"

ಇಡೀ ಲ್ಯಾಬ್ ನಕ್ಕಿತು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ಫಸ್ಟ್ ಇಯರ್ ನರ್ಸಿಂಗ್, ಇನ್ನೂ ಎರಡು ತಿಂಗಳಾಗಿಲ್ಲ, ಆಗಲೇ ಇದು ನನ್ನ ಕೈಲಾಗುವ ಕೆಲಸ ಅಲ್ಲವೇನೋ ಅನ್ನಿಸುತ್ತಿದೆ.

ಅಕ್ಕ ಅಂದರೆ ಸ್ವಂತ ಅಕ್ಕ ಅಲ್ಲ, ರೂಮ್‌ಮೇಟ್. ವಯಸ್ಸಿನಲ್ಲಿ ಒಂದು ವರ್ಷ ದೊಡ್ಡವಳು. ಮೊದಲ ದಿನ ಅವಳ ಗುಂಗುರು ಕೂದಲು, ಕಡುಗಪ್ಪು ಬಣ್ಣ ನೋಡಿ ಫಾರಿನ್ ಸ್ಟೂಡೆಂಟ್ ಅಂದುಕೊಂಡೆ. ಬಹಳ ಪೊಲೈಟಾಗಿ "ವೇರ್ ಆರ್ ಯೂ ಫ್ರಮ್?" ಅಂದೆ.

"ಬಾತ್‌ರೂಮಿಂದ," ಅಂದಳು. "ದಾರೀಲಿರೋ ಬಕೆಟ್ ನಿಂದಾ? ಎತ್ತೇ ಆಚೆ."

ಅವಳ ಮುತ್ತಜ್ಜನ ಮುತ್ತಜ್ಜನನ್ನು ಯಾರೋ ಹಡಗಿನಲ್ಲಿ ತಂದು ಇಳಿಸಿದರಂತೆ. ಅಲ್ಲಿಂದ ಇಲ್ಲಿಯವರೆಗೆ ಇಲ್ಲಿಯವರೇ. ನಮ್ಮ ಭಾಷೆ ನನಗಿಂತ ಅವಳ ಬಾಯಲ್ಲಿ ನೆಟ್ಟಗಿದೆ. ನಾನು ಎರಡನೇ ಕ್ಲಾಸಿನಿಂದ ಹಾಸ್ಟೆಲ್ಲು, ಇಂಗ್ಲಿಷ್ ಮೀಡಿಯಂ. ಅರ್ಧ ವಾಕ್ಯ ಇದರಲ್ಲಿ, ಅರ್ಧ ಅದರಲ್ಲಿ. ಅವಳು ನನ್ನನ್ನು ಕರೆಯುವುದೇ "ಏ ಇಂಗ್ಲಿಷು" ಎಂದು.

ಮಧ್ಯಾಹ್ನ ಹೊಸ ಕ್ಲಾಸ್. ಇನ್ನು ಪ್ರತಿ ಗುರುವಾರ. ತೆಗೆದುಕೊಳ್ಳುವುದು ಕೌನ್ಸೆಲರ್ ಮೇಡಂ, ಅವರಿಗೆ ಹುಡುಗಿಯರು ಆಗಲೇ ಉಸಿರು ಮೇಡಂ ಅಂತ ಹೆಸರಿಟ್ಟಾಗಿದೆ. ಕುರ್ಚಿಗಳನ್ನು ದುಂಡಗೆ ಹಾಕಿಸಿ, ಕಣ್ಣು ಮುಚ್ಚಿಸಿ, ಉಸಿರಿನ ಮೇಲೆ ಗಮನ ಇಡಿ ಅಂದರು. ಎದುರಿನಿಂದ ಯಾರದೋ ಗೊರಕೆ.

"ಮಲಗಿದವರು ಮಲಗಲಿ, ಉಸಿರಾಡ್ತಿದ್ದಾರಲ್ಲ, ಅಷ್ಟು ಸಾಕು," ಅಂದರು ಮೇಡಂ. "ನಾಳೆ ನೀವು ಚರ್ಮ ನೋಡಿ ಕಾಯಿಲೆ ಹೇಳೋರು. ಬಿಳಿಚಿದೆಯಾ, ನೀಲಿಗಟ್ಟಿದೆಯಾ ಅಂತ. ನಿಮ್ಮ ಪುಸ್ತಕದ ಫೋಟೋದಲ್ಲಿರೋದು ಒಂದೇ ಬಣ್ಣದ ಜನ. ವಾರ್ಡಲ್ಲಿ ಹಂಗಿರಲ್ಲ. ಬಣ್ಣ ಓದೋಕೆ ಕಲೀಬೇಕು, ಬಣ್ಣಕ್ಕೆ ಜನ ಏನು ಅರ್ಥ ಕಟ್ಟಿದ್ದಾರೆ ಅನ್ನೋದನ್ನೂ ಓದಬೇಕು. ನಿಮ್ಮ ನಿಮ್ಮದರಿಂದ ಶುರು."

ರೂಲ್ ಹೀಗೆ: ಜೋಡಿ ಮಾಡಿಕೊಳ್ಳಬೇಕು. ನನ್ನ ಕಥೆ ಅವಳಿಗೆ, ಅವಳದು ನನಗೆ. ಆಮೇಲೆ ಎಲ್ಲರ ಮುಂದೆ ನಾನು ಅವಳ ಕಥೆಯನ್ನು "ನಾನು" ಎಂದೇ ಹೇಳಬೇಕು. ಏನೂ ಸೇರಿಸಬಾರದು, ಏನೂ ಬಿಡಬಾರದು.

"ಹೇಳುವಾಗ ಒಂದು ಕಡೆ ಉಸಿರು ಸಿಕ್ಕಿಕೊಳ್ಳುತ್ತೆ. ಅಲ್ಲೇ ನಿಲ್ಲಿ. ಹಾರಿ ಮುಂದೆ ಹೋಗಬೇಡಿ."

ಎಲ್ಲರ ಮುಂದೆ ಮಾತಾಡಬೇಕು!


ಆಗಸ್ಟ್ 10, ಭಾನುವಾರ

ಟೆರೇಸಿನಲ್ಲಿ ಬಟ್ಟೆ ಒಣಹಾಕಿ, ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ನಾನೂ ಅಕ್ಕನೂ ಕಥೆ ಹೇಳಿಕೊಂಡೆವು. ನಾವಿಬ್ಬರೇ ಜೋಡಿ.

ಮೊದಲು ನನ್ನದು. ಮನೆಗೆ ಬಂದವರೆಲ್ಲ "ಕಪ್ಪಾದ್ರೂ ಕಳೆ ಇದೆ" ಅನ್ನುತ್ತಿದ್ದುದು. ಅತ್ತೆ ಅಂತೂ ನನ್ನ ಕೈಯನ್ನು ತನ್ನ ಮಗಳ ಕೈ ಪಕ್ಕ ಇಟ್ಟು ನೋಡುತ್ತಿದ್ದುದು. ಆಮೇಲೆ ಅದು — ಯಾರಿಗೂ ಹೇಳಿರಲಿಲ್ಲ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡದ್ದು. ಅಮ್ಮ ಅಪ್ಪನಿಗೆ ಹೇಳುತ್ತಿದ್ದಳು: "ಬಣ್ಣ ಅಂತೂ ಇಲ್ಲ. ಇಂಗ್ಲಿಷ್ ಆದ್ರೂ ಇರಲಿ. ಹಾಸ್ಟೆಲ್‌ಗೆ ಹಾಕೋಣ."

ಹೇಳಿದ ಮೇಲೆ ಭಯವಾಯಿತು. "ಅಕ್ಕ, ಅಮ್ಮನ ಮಾತು ಮಾತ್ರ ಅಲ್ಲಿ ಹೇಳ್ಬೇಡ. ಪ್ಲೀಸ್."

"ಆಯ್ತು, ಬಿಡ್ತೀನಿ. ನಿನ್ನ ಕಥೆ, ನಿನ್ನಿಷ್ಟ."

ಅಷ್ಟಕ್ಕೆ ಸುಮ್ಮನಿರಬೇಕಿತ್ತು. "ನಿಂಗೂ ನಂಗೂ ಒಂದೇ ಥರ ಅಲ್ವಾ" ಅಂದೆ. ಅವಳು ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡು ನನ್ನನ್ನು ನೋಡಿದಳು.

"ಒಂದೇ ಅಲ್ಲ ಕಣೇ. ನಿಂಗೆ ಬಣ್ಣ ಕಮ್ಮಿ ಅಂತಾರೆ. ನಂಗೆ ಎಲ್ಲಿಂದ ಬಂದೆ ಅಂತಾರೆ. ನೀನು ಅವರ ಮನೆ ಹುಡುಗಿ, ಸ್ವಲ್ಪ ಸುಟ್ಟ ರೊಟ್ಟಿ. ನಾನು ಅವರ ಹಂಚಿಗೇ ಬಿದ್ದಿಲ್ಲ."

ಆಮೇಲೆ ಅವಳದು. ಪೂರ್ತಿ ಬರೆದಿಟ್ಟುಕೊಳ್ಳುತ್ತೇನೆ, ಮರೆಯಬಾರದು.

ಅವಳ ಶಾಲೆಗೆ ಒಬ್ಬ ಕೋಚ್ ಬಂದ. ದೊಡ್ಡ ಓಟಗಾರರನ್ನು ತಯಾರು ಮಾಡುವ ಸ್ಪೋರ್ಟ್ಸ್ ಹಾಸ್ಟೆಲ್ಲಿನವನು. ಯಾರನ್ನೂ ಓಡಿಸಿ ನೋಡಲಿಲ್ಲ. ಇಡೀ ಕ್ಲಾಸಿನಲ್ಲಿ ಇವಳೊಬ್ಬಳನ್ನು ಎದ್ದು ನಿಲ್ಲಿಸಿದ, ಟೇಪ್ ಹಿಡಿದು ಕಾಲಿನ ಮೀನಖಂಡ ಅಳೆದ. "ಇವರ ರಕ್ತದಲ್ಲೇ ಓಟ ಇದೆ" ಅಂದ. ಇವಳಿಗೋ ಚಪ್ಪಟೆ ಪಾದ, ಬಸ್ಸಿನ ಹಿಂದೆ ಓಡಿದರೂ ಬಸ್ಸು ತಪ್ಪುವವಳು. ಇಷ್ಟವಿದ್ದದ್ದು ಲೆಕ್ಕ, ಮತ್ತೆ ಬೆಂಚಿನ ಗೆಳತಿ. ಅದನ್ನು ಯಾರೂ ಕೇಳಲಿಲ್ಲ.

"ಅಪ್ಪನಿಗೆ ಎಷ್ಟು ಖುಷಿ ಅಂತೀಯಾ! ಅಪ್ಪ ವೆಲ್ಡಿಂಗ್ ಮಾಡೋರು. ಅವತ್ತೇ ಶೂ ತಂದ್ರು. ಹೋಗೋವರೆಗೂ ದಿನಾ ಬೆಳಿಗ್ಗೆ ನನ್ನ ಜೊತೆ ತಾವೂ ಓಡ್ತಿದ್ರು, ಪ್ರಾಕ್ಟೀಸು ಅಂತ. ಅಪ್ಪಂಗೂ ಓಡಕ್ಕೆ ಬರಲ್ಲ. ಇಬ್ಬರೂ ದಾರಿ ಮಧ್ಯ ಏದುಸಿರು ಬಿಡ್ತಾ ನಿಂತ್ಕೊಳ್ಳೋದು. 'ನಮ್ಮ ರಕ್ತದಲ್ಲೇ ಇದೆಯಂತೆ ಕಣಮ್ಮ, ಎಲ್ಲೋ ಕೆಳಗಿದೆ, ಮೇಲೆ ಬರುತ್ತೆ ತಾಳು' ಅನ್ನೋರು."

ಹೇಳುತ್ತ ಅವಳೇ ನಕ್ಕಳು. ನಾನೂ ನಕ್ಕೆ. ನಗಬಾರದಿತ್ತೇನೋ.

ಆ ಹಾಸ್ಟೆಲ್ಲಿಗೆ ಸೇರಿದ ಮೊದಲ ದಿನದಿಂದ ಕೊನೆ. ಪ್ರತಿ ಓಟದಲ್ಲೂ ಕೊನೆ. ಕೆಲವು ತಿಂಗಳಾದ ಮೇಲೆ ಆ ಕೋಚ್ ಎಲ್ಲರ ಎದುರು, ಇನ್ನೊಬ್ಬ ಕೋಚಿಗೆ, ಇವಳು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಹೇಳಿದ: "ಬಣ್ಣ ನೋಡಿ ಮೋಸ ಹೋದೆ. ಇದು ದಂಡದ ಮಾಲು."

ವಾಪಸ್ ಕಳಿಸಿದರು. ಒಂದು ವರ್ಷ ಹೋಯಿತು. ಬೆಂಚಿನ ಗೆಳತಿ ಮುಂದಿನ ಕ್ಲಾಸಿಗೆ ಹೋಗಿದ್ದಳು. ಆ ಮಾತನ್ನು ಅಪ್ಪನಿಗೆ ಹೇಳಲೇ ಇಲ್ಲವಂತೆ. ಮನೆ ನೆನಪಾಯ್ತು, ಅದಕ್ಕೇ ಓಡಿಬಂದೆ ಅಂದಳಂತೆ.

"ಅಪ್ಪ ಅಂದ್ರು — 'ಅಲ್ಲಿ ಓಡು ಅಂದ್ರೆ ಇಲ್ಲಿಗೆ ಓಡಿಬಂದ್ಯಾ?' ಅಂತ. ಜೋಕ್ ಮಾಡಿದ್ರು. ಆದ್ರೆ ಶೂ ಇನ್ನೂ ಇಟ್ಕೊಂಡಿದ್ದಾರೆ." ಆಮೇಲೆ ಬಕೆಟ್ ಎತ್ತಿಕೊಳ್ಳುತ್ತ ಅಂದಳು, "ನಂದ್ರಲ್ಲಿ ಏನೂ ಬಿಡಬೇಡ. ಆ ಮಾತಂತೂ ಬಿಡ್ಲೇಬೇಡ. ನನ್ನ ಬಾಯಲ್ಲಿ ಇನ್ನೊಂದು ಸಲ ಬರಲ್ಲ ಅದು."


ಆಗಸ್ಟ್ 14, ಗುರುವಾರ

ಮೊದಲು ಅವಳು ನನ್ನದನ್ನು ಹೇಳಿದಳು. "ನಾನು ಕಪ್ಪಾದರೂ ಕಳೆ ಇರುವ ಹುಡುಗಿ" ಅಂತ ಶುರು ಮಾಡಿದಳು. ನಕ್ಕರು ಎಲ್ಲ. ಅತ್ತೆ ಬಂದಳು, ಕೈ ಬಂತು. ಅಮ್ಮನ ಮಾತಿನ ಹತ್ತಿರ ಬಂದಾಗ ನನ್ನ ಕಡೆ ನೋಡಿ, ಬಿಟ್ಟಳು. ಮಾತು ಉಳಿಸಿಕೊಂಡಳು.

ಆಮೇಲೆ ನಾನು. ಕೋಚ್, ಟೇಪು, ಅಪ್ಪ, ಶೂ — ಬಂತು, ಎಲ್ಲ ಬಂತು. ಸರಾಗ! ನನಗೇ ಆಶ್ಚರ್ಯ. ಕೊನೆಯ ಮಾತಿಗೆ ಬಂದೆ. "ಬಣ್ಣ ನೋಡಿ..." ಬಾಯೊಳಗೇ ಇತ್ತು. "ನಾನು" ಅಂತ ಹೇಳುತ್ತಿದ್ದೇನಲ್ಲ, ಮಾಲು ಅಂದರೆ ನಾನೇ ಆಗುತ್ತೇನಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತು. ನಿಲ್ಲಿ ಅಂದಿದ್ದರು. ನಿಲ್ಲಲಿಲ್ಲ. ಹಾರಿದೆ. ಖಾಲಿ ಬಿಟ್ಟ ಜಾಗಕ್ಕೆ ಏನಾದರೂ ಬೇಕಲ್ಲ... "ಆದರೂ ನಾನು ಓಡುವುದನ್ನು ಬಿಡಲಿಲ್ಲ. ಇವತ್ತಿಗೂ ಆ ಓಟವೇ ನನ್ನ ಧೈರ್ಯ" ಅಂದುಬಿಟ್ಟೆ.

ಎಲ್ಲಿಂದ ಬಂತು? ಸ್ಕೂಲಿನ ಎಲೊಕ್ಯೂಶನ್ ಕಾಂಪಿಟಿಶನ್‌ನಿಂದ ಬಂತು. ಅಲ್ಲಿ ಎಲ್ಲ ಕಥೆಯೂ ಹಾಗೇ ಮುಗಿಯುತ್ತಿತ್ತು.

ಚಪ್ಪಾಳೆ. ಇಬ್ಬರು ಕಣ್ಣೊರೆಸಿಕೊಂಡರು. ಜೀವಮಾನದಲ್ಲಿ ನನಗೆ ಅಷ್ಟು ಚಪ್ಪಾಳೆ ಬಿದ್ದದ್ದೇ ಇಲ್ಲ.

ಉಸಿರು ಮೇಡಂ ತಟ್ಟಲಿಲ್ಲ. ಅಕ್ಕ ನೆಲ ನೋಡುತ್ತಿದ್ದಳು.


ಆಗಸ್ಟ್ 15

ನಾನು ಏಳುವ ಮೊದಲೇ ಹೋಗಿದ್ದಳು. ಮೆಸ್ಸಿನಲ್ಲಿ ಎದುರಿಗೆ ತಟ್ಟೆ ಇಟ್ಟುಕೊಂಡು ಕೂತೆ. ಬ್ರೆಡ್ಡಿಗೆ ಜಾಮ್ ಸವರುತ್ತ, ತಲೆ ಎತ್ತದೆ ಕೇಳಿದಳು:

"ಚೆನ್ನಾಗಿತ್ತು ಕಥೆ. ಯಾರದ್ದು?"


ಆಗಸ್ಟ್ 19, ಮಂಗಳವಾರ

ಅನಾಟಮಿ ಕ್ಲಾಸಿನ ಮಧ್ಯೆ ಪಿ.ಟಿ. ಸರ್ ಬಂದರು. ಸೆಪ್ಟೆಂಬರ್ ಆರಕ್ಕೆ ಸ್ಪೋರ್ಟ್ಸ್ ಡೇ.

"ನಿಮ್ಮಲ್ಲಿ ಯಾರೋ ರನ್ನರ್ ಇದ್ದಾರಂತಲ್ಲ? ನಂಗ್ಯಾರೂ ಹೇಳೇ ಇಲ್ಲ!"

ಎಲ್ಲರೂ ತಿರುಗಿ ಅಕ್ಕನನ್ನು ನೋಡಿದರು. ಯಾರೋ "ಎಕ್ಸ್‌ಪ್ರೆಸ್!" ಅಂದರು. ಎರಡು ದಿನದಿಂದ ಹಾಸ್ಟೆಲ್ಲಿನಲ್ಲಿ ಅವಳಿಗೆ ಅದೇ ಹೆಸರು.

"ನಂಗೆ ಓಡಕ್ಕೆ ಬರಲ್ಲ ಸರ್."

"ಅಯ್ಯಯ್ಯೋ, ವಿನಯ ನೋಡ್ರಪ್ಪ! ನಿಮ್ಮೋರ ರಕ್ತದಲ್ಲೇ ಇದೆಯಲ್ಲಮ್ಮ ಅದು. ರಿಲೇ, ಲಾಸ್ಟ್ ಲೆಗ್. ಬರ್ಕೊಂಡೆ."

ಅದೇ ಮಾತು. ಹೆಚ್ಚುಕಮ್ಮಿ ಅಕ್ಷರ ಅಕ್ಷರ ಅದೇ. ಸರ್ ಕೆಟ್ಟವರಲ್ಲ, ನಗುನಗುತ್ತ, ಪ್ರೀತಿಯಿಂದಲೇ ಹೇಳಿದರು. ಆ ಕೋಚ್ ಕೂಡ ಮೊದಲ ದಿನ ಹೀಗೇ ನಕ್ಕಿರಬೇಕು.

ನಾನು ಎದ್ದು ನಿಲ್ಲಬೇಕಿತ್ತು. ಡೆಸ್ಕಿನ ಮೇಲೆ ಪೆನ್ನಿನಿಂದ ಗೀಚುತ್ತ ಕೂತಿದ್ದೆ.


ಆಗಸ್ಟ್ 27, ಬುಧವಾರ

ಬರೆಯಲಾಗಿರಲಿಲ್ಲ. ರೂಮಿನಲ್ಲಿ ಇಬ್ಬರಿದ್ದೇವೆ, ಮಾತು "ಲೈಟ್ ಆಫ್ ಮಾಡ್ಲಾ" ಅನ್ನುವಷ್ಟೇ.

ಇವತ್ತು ಧೈರ್ಯ ಮಾಡಿ ಪಿ.ಟಿ. ಸರ್ ಹತ್ತಿರ ಹೋದೆ. ಗ್ರೌಂಡಿಗೆ ಸುಣ್ಣದ ಗೆರೆ ಎಳೆಸುತ್ತಿದ್ದರು. "ಸರ್, ಆಕ್ಚುವಲೀ... ಅವಳಿಗೆ ಓಟ ಬರಲ್ಲ. ನಾನು ಹೇಳಿದ್ದು ಆ್ಯಕ್ಯುರೇಟ್ ಅಲ್ಲ."

"ನೀನೇ ಹೇಳಿದ್ಯಂತಲ್ಲಮ್ಮ, ಓಡೋದು ಬಿಡ್ಲಿಲ್ಲ ಅಂತ? ಎಲ್ರೂ ಅತ್ತರಂತೆ?"

"ಅದು ನಾನು ಸೇರಿಸಿದ್ದು ಸರ್."

"ನಿಂಗ್ಯಾಕಮ್ಮ ಹೊಟ್ಟೆಕಿಚ್ಚು? ನಿಂಗೂ ಒಂದು ಲೆಮನ್ ಆ್ಯಂಡ್ ಸ್ಪೂನ್ ಹಾಕ್ಲಾ?"

ಕಾರಣ ಹೇಳದೆ ಸತ್ಯ ಹೇಳಿದರೆ ಹೊಟ್ಟೆಕಿಚ್ಚಿನ ಹಾಗೆ ಕೇಳಿಸುತ್ತದೆ. ಕಾರಣ ಹೇಳಬೇಕೆಂದರೆ ಆ ಮಾತು ಹೇಳಬೇಕು. ಸುಣ್ಣದ ಗೆರೆ ತುಳಿದುಕೊಂಡು ಬಂದೆ, ಬೈಸಿಕೊಂಡೆ.


ಸೆಪ್ಟೆಂಬರ್ 1, ಸೋಮವಾರ

ಕೆಟ್ಟದ್ದಕ್ಕೆ ತಳ ಇದೆ ಅಂದುಕೊಂಡಿದ್ದೆ. ಇಲ್ಲ.

ಆಫೀಸಿನಿಂದ ಎಲ್ಲ ಪೇರೆಂಟ್ಸಿಗೂ ಫೋನ್ ಹೋಗಿದೆ, ಸ್ಪೋರ್ಟ್ಸ್ ಡೇಗೆ ಬನ್ನಿ ಅಂತ. ಅಕ್ಕನ ಅಪ್ಪನಿಗೆ ಸ್ಪೆಷಲ್ ಆಗಿ — "ನಿಮ್ಮ ಮಗಳು ರಿಲೇಯಲ್ಲಿ ಲಾಸ್ಟ್ ಓಡ್ತಾಳೆ." ಅವರು ಅವಳಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿರಲಿಲ್ಲ, ಆದರೂ ಅವರ ಧ್ವನಿ ನನ್ನ ಮಂಚಕ್ಕೆ ಕೇಳುತ್ತಿತ್ತು.

"ನಾನು ಹೇಳ್ಲಿಲ್ವೇನಮ್ಮ, ಕೆಳಗಿದೆ, ಮೇಲೆ ಬರುತ್ತೆ ಅಂತ! ಸ್ವಲ್ಪ ಲೇಟಾಯ್ತು ಅಷ್ಟೇ. ಬರ್ತೀನಿ ತಾಳು. ಶೂ ತರ್ತೀನಿ."

"ಅಪ್ಪ, ಆ ಶೂ ಈಗ ಕಾಲಿಗೆ ಹಿಡಿಯಲ್ಲ."

"ಹೊಸದು ತರ್ತೀನೇ!"

ಫೋನ್ ಇಟ್ಟು ಗೋಡೆ ಕಡೆ ತಿರುಗಿ ಮಲಗಿದಳು. ಮಧ್ಯಾಹ್ನ ಮೂರು ಗಂಟೆಗೆ. ಬೆನ್ನು ಕಾಣುತ್ತಿತ್ತು. ಅಭ್ಯಾಸಬಲ, ಎಣಿಸಿದೆ. ಜೋರಾಗಿತ್ತು ಉಸಿರು. ಅಳುತ್ತಿರಲಿಲ್ಲ. ಅತ್ತಿದ್ದರೆ ವಾಸಿ.

ಹೇಳಿದೆ, ಅವಳ ಬೆನ್ನಿಗೇ. "ಅಕ್ಕ, ಇನ್ನೊಂದು ಸಲ ಹೇಳ್ತೀನಿ. ಗುರುವಾರ. ಸರಿಯಾಗಿ. ನೀನು ಹೂಂ ಅಂದ್ರೆ."

ಹೊದಿಕೆ ಎಳೆದುಕೊಂಡಳು. ಆಮೇಲೆ: "ಈ ಸಲ ಕೇಳ್ಕೊಂಡು ಹೇಳ್ತಿದ್ದೀಯ. ಪರವಾಗಿಲ್ಲ, ಬುದ್ಧಿ ಬಂದಿದೆ."

"ಹೂಂ ಅಂತಾನಾ?"

"ಹೂಂ. ಚಪ್ಪಾಳೆ ಬಿತ್ತೋ, ನಿನ್ನ ಬಕೆಟ್ ಕಿಟಕಿಯಿಂದಾಚೆ."


ಸೆಪ್ಟೆಂಬರ್ 4, ಗುರುವಾರ

ಉಸಿರು ಮೇಡಂಗೆ ನಿನ್ನೆಯೇ ಹೇಳಿದ್ದೆ. ಅವರು ಪಿ.ಟಿ. ಸರ್ ಅವರನ್ನು ಟೀಗೆ ಕರೆದ ಹಾಗೆ ಕರೆದು ವೃತ್ತದಲ್ಲಿ ಕೂರಿಸಿದ್ದರು. ಸರ್ ಪಾಪ, ಮಂಡಿ ಮೇಲೆ ಕಪ್ಪು-ಸಾಸರ್ ಇಟ್ಟುಕೊಂಡು, ಮದುವೆಗೆ ಬಂದ ಅಪರಿಚಿತರ ಹಾಗೆ.

ಕಣ್ಣು ಮುಚ್ಚಿದೆ. ಉಸಿರು ನೋಡಿದೆ. ನೋಡಿದ ಕೂಡಲೇ ವೇಷ ಹಾಕಿಕೊಂಡಿತು, ಹಾಕಿಕೊಳ್ಳಲಿ ಅಂತ ಬಿಟ್ಟೆ. "ಹೋದ ಸಲ ಇವಳ ಕಥೆಯಲ್ಲಿ ಒಂದು ಮಾತು ಬಿಟ್ಟಿದ್ದೆ, ಒಂದು ಸುಳ್ಳು ಸೇರಿಸಿದ್ದೆ" ಅಂದೆ. ಶುರು ಮಾಡಿದೆ.

ಟೇಪು. ಮೀನಖಂಡ. "ಇವರ ರಕ್ತದಲ್ಲೇ ಓಟ ಇದೆ" — ಸರ್ ಕೈಯಲ್ಲಿದ್ದ ಸಾಸರ್ ಸದ್ದಾಯಿತು. ಚಪ್ಪಟೆ ಪಾದ. ಏದುಸಿರು ಬಿಡುತ್ತ ದಾರಿ ಮಧ್ಯ ನಿಂತ ಅಪ್ಪ. ಕೊನೆ, ಕೊನೆ, ಕೊನೆ.

ಆ ಜಾಗ ಬಂತು. ಸಿಕ್ಕಿಕೊಂಡಿತು. ನಿಂತೆ.

ಎಷ್ಟು ಹೊತ್ತೋ. ಯಾರೋ ಕೆಮ್ಮಿದರು. ಆಮೇಲೆ ಹೇಳಿದೆ. "ಅವನು ನನ್ನ ಮುಂದೆಯೇ ಅಂದ — ಬಣ್ಣ ನೋಡಿ ಮೋಸ ಹೋದೆ, ಇದು ದಂಡದ ಮಾಲು."

ಅಷ್ಟೇ. "ಆಮೇಲೆ ನಾನು ಓಡಲಿಲ್ಲ. ನನಗೆ ಓಡಲು ಬರುವುದಿಲ್ಲ. ಮೊದಲೂ ಬರುತ್ತಿರಲಿಲ್ಲ. ಯಾರೂ ಕೇಳಲಿಲ್ಲ."

ಚಪ್ಪಾಳೆ ಇಲ್ಲ. ಸರ್ ಕಪ್ಪನ್ನು ನೆಲದ ಮೇಲಿಟ್ಟು ಎದ್ದು ಹೋದರು. ಕೋಪವೋ ಬೇರೆ ಏನೋ, ಮುಖ ಕಾಣಲಿಲ್ಲ.

ರೂಮಿಗೆ ಬರುವಾಗ ಮೆಟ್ಟಿಲ ಮೇಲೆ ಅಕ್ಕ ಅಂದಳು: "ಆ ಮಾತಿಗೊಂದೇ ಅಲ್ಲ. 'ಅಪ್ಪ ನನ್ನ ಜೊತೆ ಓಡ್ತಿದ್ರು' ಅಂದಾಗಲೂ ನಿನ್ನ ಉಸಿರು ನಿಂತಿತ್ತು."

"ನಿಂಗೆ ಹೇಗೆ ಗೊತ್ತು?"

"ಎಣಿಸ್ತಾ ಇದ್ದೆ. ನಿಂಗೆ ಗೊತ್ತಾಗಬಾರದಲ್ಲ."


ಸೆಪ್ಟೆಂಬರ್ 5, ಶುಕ್ರವಾರ

ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ಅವಳ ಹೆಸರು ಹಾಗೇ ಇತ್ತು. ಕಾರಿಡಾರಿನಲ್ಲಿ ಸರ್ ಎದುರಾದರು. ಅಕ್ಕನನ್ನು ನೋಡಿ ನಿಂತರು, ಏನೋ ಹೇಳಲು ಬಾಯಿ ತೆರೆದರು. "ಬಿಸಿಲು ಜೋರು ಈ ವರ್ಷ" ಅಂದರು. ಹೋದರು. ಮಧ್ಯಾಹ್ನದ ಹೊತ್ತಿಗೆ ಹೆಸರಿನ ಮೇಲೆ ಗೀಟು.

ಎಕ್ಸ್‌ಪ್ರೆಸ್ ಅನ್ನುವವರು ಇನ್ನೂ ಅನ್ನುತ್ತಾರೆ. ಇಬ್ಬರು ನಿಲ್ಲಿಸಿದ್ದಾರೆ.

ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮ, ನನ್ನ ಹಾಸ್ಟೆಲ್‌ಗೆ ಹಾಕೋ ಮುಂಚೆ ನೀನು ಅಪ್ಪನ ಹತ್ರ ಒಂದು ಮಾತು ಅಂದಿದ್ದೆ, ನೆನಪಿದೆಯಾ? ನಾನು ಬಾಗಿಲ ಹಿಂದೆ ಇದ್ದೆ." ಆ ಕಡೆ ಕುಕ್ಕರ್ ಕೂಗಿತು. "ಅಲ್ಲೂ ಬಿಸಿಲಾ? ಕೊಡೆ ಹಿಡ್ಕೊಂಡು ಓಡಾಡು" ಅಂದಳು. ಎಲ್ಲರಿಗೂ ಬಿಸಿಲೇ ಸಿಗುತ್ತದೆ. ಇಡುವ ಮುಂಚೆ ಮಾತ್ರ, ಬಹಳ ಸಣ್ಣಗೆ, "ಊಟ ಮಾಡಿದ್ಯೇನೇ?" ಅಂದಳು. ಅದು ಅವಳು ಸಾರಿ ಕೇಳುವ ರೀತಿಯೋ, ಬರೀ ಊಟದ ಮಾತೋ. ಗೊತ್ತಾಗಲಿಲ್ಲ.

ಅಕ್ಕನಿಗೆ ಹೇಳಿದೆ, "ನನ್ನ ಕಥೆ ಮುಂದೆ ಯಾವಾಗಾದ್ರೂ ಹೇಳಿದ್ರೆ ಅಮ್ಮನ ಮಾತು ಬಿಡಬೇಡ." "ಆಯ್ತು" ಅಂದಳು. ಮನಸ್ಸು ಇಲ್ಲಿರಲಿಲ್ಲ. ಅವಳ ಅಪ್ಪ ಆಗಲೇ ಬಸ್ಸು ಹತ್ತಿದ್ದಾರೆ. ಫೋನಿನಲ್ಲಿ ಹೇಳಲು ಮೂರು ಸಲ ಹೊರಟಳು. ಮೂರು ಸಲವೂ ಅವರೇ ಮಾತಾಡಿದರು. ಸೀಟು ಸಿಕ್ಕಿತಂತೆ, ಕಿಟಕಿ ಪಕ್ಕ.


ಸೆಪ್ಟೆಂಬರ್ 6, ಶನಿವಾರ, ಬೆಳಿಗ್ಗೆ

ಗ್ರೌಂಡಿನಲ್ಲಿ ಮೈಕ್ ಟೆಸ್ಟಿಂಗ್. ಹಲೋ ಹಲೋ. ಅಕ್ಕ ತಲೆ ಬಾಚಿ, ಬಿಚ್ಚಿ, ಮತ್ತೆ ಬಾಚಿದಳು.

"ಇವತ್ತು ಅಪ್ಪಂಗೆ ಹೇಳ್ತೀನಿ. ಪೂರ್ತಿ. ಇಷ್ಟು ವರ್ಷ ಅವರು ರಕ್ತದೊಳಗೆ ಹುಡುಕ್ತಾ ಕೂತಿದ್ದಾರೆ, ಪಾಪ. ಸಾಕು."

"ನಾನು ಹೇಳ್ಲಾ?"

"ಬೇಡ. ನಿಮ್ಮಪ್ಪನಲ್ಲ, ನಮ್ಮಪ್ಪ." ಬಾಚಣಿಗೆ ಇಟ್ಟಳು. "ಪಕ್ಕದಲ್ಲಿ ನಿಂತಿರು. ಬಾಯಿ ಬಿಡಬೇಡ. ಆ ಮಾತು ಬರೋ ಕಡೆ ನಾನೇ ಹಾರಿಬಿಡ್ತೀನಿ, ನಂಗೊತ್ತು. ಮನೆ ನೆನಪಾಗಿತ್ತು ಅಂದುಬಿಡ್ತೀನಿ ಮತ್ತೆ. ಆಗ ನನ್ನ ಮಣಿಕಟ್ಟು ಹಿಡ್ಕೋ. ಅಷ್ಟೇ. ನಿಂತ್ಕೋತೀನಿ."

ಅವಳು ಕೆಳಗಿಳಿದಾಯಿತು. ಐದು ನಿಮಿಷ ಬಿಟ್ಟು ಬಾ ಅಂದಿದ್ದಾಳೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಕಿಟಕಿಯಿಂದ ಗೇಟು ಕಾಣುತ್ತದೆ. ಇಸ್ತ್ರಿ ಮಾಡಿದ ಶರ್ಟು, ಅವಳದೇ ಕೂದಲು, ಸ್ವಲ್ಪ ನರೆತದ್ದು. ಅವಳನ್ನು ಕಂಡ ಕೂಡಲೇ ಗೇಟಿನಿಂದ ಓಡಿಬಂದರು. ನಿಜ, ಓಡಲು ಬರುವುದಿಲ್ಲ ಅವರಿಗೆ. ಅರ್ಧಕ್ಕೇ ನಿಂತು ಸೊಂಟಕ್ಕೆ ಕೈ ಕೊಟ್ಟು ನಗುತ್ತಿದ್ದಾರೆ. ಕಂಕುಳಲ್ಲಿ ಶೂ ಡಬ್ಬಿ. ಮುಚ್ಚಳ ತೆಗೆದು ತೋರಿಸುತ್ತಿದ್ದಾರೆ. ಕೆಂಪು ಬಣ್ಣದ್ದು.

ಅಕ್ಕ ಡಬ್ಬಿ ಮುಟ್ಟಲಿಲ್ಲ. ಮೇಲೆ, ಈ ಕಿಟಕಿ ಕಡೆ ನೋಡಿದಳು. ಐದು ನಿಮಿಷ ಆಗಿಲ್ಲ ಇನ್ನೂ. ಶುರು ಮಾಡಿಬಿಟ್ಟಳಾ? ಬಾಯಿ ಆಡುತ್ತಿದೆ. ಅಪ್ಪನ ನಗು ಇನ್ನೂ ಹಾಗೇ ಇದೆ, ಎಂದರೆ ಇನ್ನೂ ಆ ಜಾಗ ಬಂದಿಲ್ಲ. ನಿಂತಳು. ಎದೆ ಏರುತ್ತಿಲ್ಲ, ಇಲ್ಲಿಂದಲೇ ಕಾಣುತ್ತದೆ, ಉಸಿರು ಹಿಡಿದಿದ್ದಾಳೆ. ಓಡಬೇಕು, ಮಣಿಕಟ್ಟು —